ಡಿಸ್ಕ್ ತುಂಬಿದೆ, ಜಾಗ ತಿಂದದ್ದು ಯಾವ ಫೈಲ್? ಕಮಾಂಡ್ ಲೈನ್‌ನಲ್ಲಿ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಬಹುಪಾಲು ಉತ್ತರಗಳು ಲಿನಕ್ಸ್‌ಗೆ ಸೇರಿದವು. ಉಬುಂಟು, ಡೆಬಿಯನ್, ಫೆಡೋರಾ ಯಾವುದಿದ್ದರೂ ನಡೆಯುತ್ತದೆ. ಎಪಿಟಿ ಇರುವ ಆಜ್ಞೆಗಳು ಮಾತ್ರ ಉಬುಂಟು, ಡೆಬಿಯನ್‌ಗೆ. ಮ್ಯಾಕ್, ವಿಂಡೋಸ್, ಆಂಡ್ರಾಯ್ಡ್ ಕೊನೆಯಲ್ಲಿವೆ.

ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇವೆ. ಸರ್ವರ್ ಮುಂದೆ ಕೂತವರಿಗೆ ಫೋನಿನಲ್ಲಿ ಓದಿ ಹೇಳಲೂ ಇದು ಅನುಕೂಲ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇವೆ. "ಡಿಯು" ಅಂದರೆ ಡಿ ಮತ್ತು ಯು, ಎರಡೇ ಅಕ್ಷರ. "ಡಿಎಫ್" ಕೂಡ ಹಾಗೆಯೇ. ಡಿಎಫ್ ಹೇಳುವುದು ಪ್ರತಿ ಪಾರ್ಟಿಷನ್ (ಡಿಸ್ಕಿನ ವಿಭಾಗ) ಎಷ್ಟು ತುಂಬಿದೆ ಎಂದು, ಡಿಯು ಹೇಳುವುದು ಪ್ರತಿ ಫೋಲ್ಡರ್ ಎಷ್ಟು ಜಾಗ ತಿಂದಿದೆ ಎಂದು. "ಸುಡೊ" ಅಂದರೆ ರೂಟ್, ಅಂದರೆ ಯಂತ್ರದ ಮೇಲ್ವಿಚಾರಕನ, ಅಧಿಕಾರದಲ್ಲಿ ಓಡಿಸು ಎಂದು. "/ವಾರ್" ಅಂದರೆ ವಿ, ಎ, ಆರ್. ಅಡ್ಡಗೆರೆಯ ಹಿಂದೆ ಒಂದು ಸ್ಪೇಸ್ ಇರಲೇಬೇಕು, ಮುಂದೆ ಇರಕೂಡದು.

ಡಿಸ್ಕ್ ತುಂಬಿದೆ ಅಂತ ಎಚ್ಚರಿಕೆ ಬಂದಿದೆ. ಮೊದಲು ಯಾವ ಆಜ್ಞೆ ಕೊಡಬೇಕು?

ಡಿಎಫ್ -ಎಚ್

ಹೆಚ್ಚಿನವರು ನೇರವಾಗಿ "ಅತಿ ದೊಡ್ಡ ಫೈಲ್ ಯಾವುದು" ಅಂತ ಹುಡುಕಲು ಹೊರಡುತ್ತಾರೆ. ಅರ್ಧ ದಿನ ಹಾಳಾಗುವುದು ಅಲ್ಲೇ. ಮೊದಲು ತಿಳಿಯಬೇಕಾದದ್ದು ಯಾವ ಪಾರ್ಟಿಷನ್ ತುಂಬಿದೆ ಎಂಬುದು. /ಹೋಮ್ ಬೇರೆ ಪಾರ್ಟಿಷನ್ ಆಗಿದ್ದು, ತುಂಬಿರುವುದು / ಆಗಿದ್ದರೆ, /ಹೋಮ್‌ನಲ್ಲಿರುವ 40 ಜಿಬಿ ಸಿನಿಮಾ ಅಳಿಸಿದರೂ ಒಂದು ಬೈಟ್ ಉಪಯೋಗವಿಲ್ಲ. ತುಂಬಿದ್ದು /ಬೂಟ್ ಆಗಿದ್ದರೆ ದೊಡ್ಡ ಫೈಲ್ ಬೇಟೆಯೇ ಬೇಡ. ಅಲ್ಲಿರುವುದು ಹಳೆಯ ಕರ್ನಲ್‌ಗಳು (ಲಿನಕ್ಸ್‌ನ ತಿರುಳು). ಉಬುಂಟುವಿನಲ್ಲಿ "ಸುಡೊ ಎಪಿಟಿ ಆಟೋರಿಮೂವ್" ಕೊಟ್ಟರೆ ಸಾಕು.

ಲೂಪ್ ಎಂದು ಶುರುವಾಗುವ ಸಾಲುಗಳು 100% ತೋರಿಸಿದರೆ ಹೆದರಬೇಡಿ. ಅವು ಸ್ನ್ಯಾಪ್ ಪ್ಯಾಕೇಜುಗಳು. ಓದಲು ಮಾತ್ರ ಇರುವ ಇಮೇಜ್ ಆದ್ದರಿಂದ ಸದಾ ತುಂಬಿಯೇ ಇರುತ್ತವೆ.

ತುಂಬಿದ ಪಾರ್ಟಿಷನ್ ಗೊತ್ತಾಯಿತು. ಜಾಗ ಎಲ್ಲಿ ಹೋಗಿದೆ ಅಂತ ಹೇಗೆ ನೋಡುವುದು?

ಸುಡೊ ಡಿಯು -ಎಕ್ಸ್‌ಎಚ್ -ಡಿ 1 / | ಸಾರ್ಟ್ -ಎಚ್

ಪಟ್ಟಿಯ ಕೊನೆಯ ಸಾಲು ಒಟ್ಟು ಮೊತ್ತ, ಅದರ ಮೇಲಿನದು ಅತಿ ದೊಡ್ಡ ಫೋಲ್ಡರ್. ಅದು /ವಾರ್ ಅಂತ ಬಂದರೆ, ಆಜ್ಞೆಯಲ್ಲಿ / ಇದ್ದ ಕಡೆ /ವಾರ್ ಹಾಕಿ ಮತ್ತೆ ಕೊಡಿ. ಮೂರು ನಾಲ್ಕು ಮೆಟ್ಟಿಲು ಇಳಿಯುವಷ್ಟರಲ್ಲಿ ಆಸಾಮಿ ಸಿಕ್ಕಿರುತ್ತಾನೆ.

ಎಕ್ಸ್ ಬಿಡಬೇಡಿ. ಅದಿಲ್ಲದಿದ್ದರೆ ಡಿಯು, ಸಿಕ್ಕಿಸಿದ ಪೆನ್‌ಡ್ರೈವ್, ನೆಟ್‌ವರ್ಕ್ ಡಿಸ್ಕ್ ಎಲ್ಲವನ್ನೂ ಹೊಕ್ಕು ಎಣಿಸುತ್ತದೆ. ಡಾಕರ್ (ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ) ಇರುವ ಯಂತ್ರದಲ್ಲಿ ಒಂದೇ ಫೈಲನ್ನು ಎರಡು ಸಲ ಲೆಕ್ಕಕ್ಕೆ ಹಿಡಿಯುತ್ತದೆ. "ಡಿ 1" ಅಂದರೆ ಒಂದೇ ಹಂತ ತೋರಿಸು ಎಂದು. ಒಳಗಿನದನ್ನೂ ಎಣಿಸುತ್ತದೆ, ಆದರೆ ಸಾಲುಸಾಲಾಗಿ ಮುದ್ರಿಸುವುದಿಲ್ಲ.

ಡಿಯುಗೆ ಎಚ್ ಕೊಟ್ಟಾಗ ಸಾರ್ಟ್‌ಗೂ ಎಚ್ ಕೊಡಬೇಕು. ಅಭ್ಯಾಸಬಲದಿಂದ "ಸಾರ್ಟ್ -ಎನ್" ಬರೆದರೆ ಅದು ಬರೀ ಅಂಕಿ ನೋಡಿ, 900 ಕೆಬಿಯ ಫೋಲ್ಡರನ್ನು 2 ಜಿಬಿಯದಕ್ಕಿಂತ ದೊಡ್ಡದೆಂದು ಕೂರಿಸುತ್ತದೆ. ಸಾರ್ಟ್‌ಗೆ ಎಚ್ ಬಂದದ್ದು 2009ರಲ್ಲಿ, ಗ್ನು ಕೋರ್‌ಯುಟಿಲ್ಸ್ 7.5ರಲ್ಲಿ. ಅದಕ್ಕೂ ಹಳೆಯ ಸರ್ವರ್, ಅಥವಾ ಅದನ್ನು ಅರಿಯದ ಪುಟ್ಟ ರೌಟರ್ ಸಿಕ್ಕಿದರೆ ಎಚ್ ಬದಲು ಕೆ ಕೊಟ್ಟು "ಸಾರ್ಟ್ -ಎನ್" ಮಾಡಿ. ಅಂಕಿಗಳು ಕೆಬಿಯಲ್ಲಿ ಬರುತ್ತವೆ. ಓದಲು ಸ್ವಲ್ಪ ಕಷ್ಟ, ಲೆಕ್ಕ ಮಾತ್ರ ಸರಿ.

"ಡಿಯು -ಎಸ್‌ಎಚ್ *" ಕೊಟ್ಟೆ. ಎಲ್ಲ ಕೂಡಿದರೂ ಒಟ್ಟು ಮೊತ್ತ ಬರುತ್ತಿಲ್ಲ, ಯಾಕೆ?

ನಕ್ಷತ್ರ ಚಿಹ್ನೆ ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಬಿಟ್ಟುಬಿಡುತ್ತದೆ. ಮನೆ ಫೋಲ್ಡರಿನಲ್ಲಿ ಜಾಗ ತಿನ್ನುವುದು ಬಹಳ ಸಲ ಅವೇ: .ಕ್ಯಾಶ್, ಅಳಿಸಿದ ಫೈಲುಗಳು ಕೂತಿರುವ .ಲೋಕಲ್/ಶೇರ್/ಟ್ರ್ಯಾಶ್, ಪ್ರೋಗ್ರಾಮರುಗಳಾದರೆ .ಎನ್‌ಪಿಎಂ ಮತ್ತು .ಗ್ರೇಡಲ್. ನಕ್ಷತ್ರದ ಗೊಡವೆ ಬಿಟ್ಟು "ಡಿಯು -ಎಚ್ -ಡಿ 1 ." ಕೊಡಿ, ಅಡಗಿದ್ದೂ ಬರುತ್ತದೆ.

ಫೋಲ್ಡರ್ ಬೇಡ, ದೊಡ್ಡ ಫೈಲುಗಳದೇ ಪಟ್ಟಿ ಬೇಕು.

ಅದಕ್ಕೆ ಫೈಂಡ್ ಇದೆ:

ಸುಡೊ ಫೈಂಡ್ / -ಎಕ್ಸ್‌ಡೆವ್ -ಟೈಪ್ ಎಫ್ -ಸೈಜ್ +500ಎಂ -ಪ್ರಿಂಟ್‌ಎಫ್ '%ಎಸ್ %ಪಿ\ಎನ್' | ಸಾರ್ಟ್ -ಎನ್‌ಆರ್ | ಹೆಡ್ -ಎನ್ 20 | ನಮ್‌ಎಫ್‌ಎಂಟಿ --ಟು=ಐಇಸಿ

500ರ ಮುಂದಿನ ಎಂ ದೊಡ್ಡಕ್ಷರ. ಜಿಬಿಗೆ ಜಿ, ಅದೂ ದೊಡ್ಡಕ್ಷರ. ಕೆಬಿಯ ಕೆ ಮಾತ್ರ ಸಣ್ಣಕ್ಷರ. ಅಕ್ಷರವನ್ನೇ ಬಿಟ್ಟು +500 ಎಂದಷ್ಟೇ ಬರೆದರೆ ಫೈಂಡ್ ಅದನ್ನು 512 ಬೈಟ್‌ಗಳ ತುಂಡುಗಳೆಂದು ತಿಳಿದು, 250 ಕೆಬಿ ದಾಟಿದ್ದೆಲ್ಲವನ್ನೂ ತಂದು ಸುರಿಯುತ್ತದೆ. ಕೊನೆಯ ನಮ್‌ಎಫ್‌ಎಂಟಿ ಬೈಟ್ ಲೆಕ್ಕವನ್ನು ಜಿಬಿ, ಎಂಬಿಗೆ ಬದಲಿಸುತ್ತದೆ. ಅದಿಲ್ಲದಿದ್ದರೆ ಹತ್ತು ಹನ್ನೊಂದು ಅಂಕಿಯ ಸಂಖ್ಯೆಗಳನ್ನು ಬೆರಳಿಟ್ಟು ಎಣಿಸಬೇಕಾದೀತು.

ಗ್ನು ಫೈಂಡ್‌ಗೆ ಒಂದು ವಿಚಿತ್ರ ಗುಣವಿದೆ. ಗಾತ್ರವನ್ನು ಅದು ಕೇಳಿದ ಮಾನಕ್ಕೆ ಮೇಲ್ಮುಖವಾಗಿ ದುಂಡಗಾಗಿಸಿ ಆಮೇಲೆ ಹೋಲಿಸುತ್ತದೆ. ಒಂದೇ ಬೈಟಿನ ಫೈಲೂ ಅದರ ಕಣ್ಣಿಗೆ 1 ಎಂಬಿ. ಹಾಗಾಗಿ "-ಸೈಜ್ -1ಎಂ" ಅಂದರೆ 1 ಎಂಬಿಗಿಂತ ಚಿಕ್ಕವೆಲ್ಲ ಸಿಗುತ್ತವೆ ಎಂದುಕೊಂಡರೆ, ಸಿಗುವುದು ಖಾಲಿ ಫೈಲುಗಳು ಮಾತ್ರ. ನಿಖರವಾಗಿ ಬೇಕಾದರೆ ಬೈಟಿನಲ್ಲೇ ಹೇಳಿ, ಕೊನೆಗೆ ಸಿ ಹಾಕಿ: -1048576ಸಿ.

"ಪರ್ಮಿಷನ್ ಡಿನೈಡ್" ಸಾಲುಗಳು ಪರದೆ ತುಂಬಿದರೆ ಸುಡೊ ಮರೆತಿದ್ದೀರಿ. ಕೆಲವರು ಸಾಲುಗಳನ್ನು ಮುಚ್ಚಲು ಕೊನೆಗೆ 2>/ಡೆವ್/ನಲ್ ಅಂತ ಸೇರಿಸುತ್ತಾರೆ. ಅದರಿಂದ ಸಂದೇಶ ಮಾಯವಾಗುತ್ತದೆ, ಆ ಫೋಲ್ಡರುಗಳ ಲೆಕ್ಕ ಹಾಗೇ ತಪ್ಪಿಹೋಗುತ್ತದೆ.

"ಎಲ್‌ಎಸ್ -ಎಲ್‌ಎಚ್‌ಎಸ್" ಸಾಲದೆ?

ಒಂದೇ ಫೋಲ್ಡರ್ ನೋಡುವುದಾದರೆ ಸಾಕು. ಕೊನೆಯ ಎಸ್ ದೊಡ್ಡಕ್ಷರ. ಒಳಗಿನ ಫೋಲ್ಡರುಗಳ ಮುಂದೆ ಕಾಣುವ 4.0ಕೆ ನೋಡಿ ಮೋಸಹೋಗಬೇಡಿ; ಅದು ಹೆಸರುಗಳ ಪಟ್ಟಿಯ ಗಾತ್ರ, ಒಳಗಿರುವ ಸಾಮಾನಿನದಲ್ಲ.

ಎಲ್‌ಎಸ್ 100 ಜಿಬಿ ಅನ್ನುತ್ತದೆ, ಡಿಯು 8 ಜಿಬಿ ಅನ್ನುತ್ತದೆ. ಯಾವುದು ನಿಜ?

ಎರಡೂ ನಿಜ. ಎಲ್‌ಎಸ್ ಹೇಳುವುದು ಫೈಲಿನ ಉದ್ದ, ಡಿಯು ಹೇಳುವುದು ಡಿಸ್ಕಿನಲ್ಲಿ ಅದಕ್ಕೆ ಕೊಟ್ಟಿರುವ ಜಾಗ. ವರ್ಚುವಲ್ ಮಷೀನ್‌ಗೆ 100 ಜಿಬಿಯ ಇಮೇಜ್ ಮಾಡಿಟ್ಟು ಒಳಗೆ 8 ಜಿಬಿ ಮಾತ್ರ ಬರೆದಿದ್ದರೆ ಉಳಿದದ್ದು ಬರೀ ತೂತು. ಇಂಥವನ್ನು ಸ್ಪಾರ್ಸ್ ಫೈಲ್ ಅನ್ನುತ್ತಾರೆ. ಜಾಗ ಖಾಲಿ ಮಾಡುವವರಿಗೆ ಡಿಯು ಮಾತೇ ಮುಖ್ಯ. ಮೇಲಿನ ಫೈಂಡ್ ಆಜ್ಞೆಯೂ ಉದ್ದವನ್ನೇ ಹೇಳುತ್ತದೆ. ಡಿಸ್ಕಿನ ಜಾಗ ಬೇಕಿದ್ದರೆ %ಎಸ್ ಬದಲು %ಕೆ ಹಾಕಿ, ಕೆಬಿಯಲ್ಲಿ ಬರುತ್ತದೆ. ಆಗ ನಮ್‌ಎಫ್‌ಎಂಟಿಯನ್ನು ತೆಗೆದುಬಿಡಿ. ಅದು ಕೆಬಿಯನ್ನು ಬೈಟ್ ಎಂದು ತಿಳಿಯುತ್ತದೆ. /ಪ್ರಾಕ್/ಕೆಕೋರ್ ಎಂಬ ಫೈಲ್ 128 ಟಿಬಿ ಎಂದು ಕಂಡು ಗಾಬರಿಯಾದವರು ಬಹಳ ಮಂದಿ. ಅದು ಡಿಸ್ಕಿನಲ್ಲಿ ಇಲ್ಲವೇ ಇಲ್ಲ, ಕರ್ನಲ್ ತೋರಿಸುವ ನೆರಳು.

ಸ್ಪಾರ್ಸ್ ಫೈಲನ್ನು ಬೇರೆ ಯಂತ್ರಕ್ಕೆ ಸಾಗಿಸುವಾಗ ಜೋಪಾನ. ಎಸ್‌ಸಿಪಿ ತೂತುಗಳನ್ನೆಲ್ಲ ಸೊನ್ನೆಯಿಂದ ತುಂಬಿ ಕಳಿಸುತ್ತದೆ, ಆ ಕಡೆ ಪೂರ್ತಿ 100 ಜಿಬಿ ಹೋಗುತ್ತದೆ. ಆರ್‌ಸಿಂಕ್‌ಗೆ ದೊಡ್ಡ ಎಸ್ ಕೊಟ್ಟರೆ ತೂತು ತೂತಾಗಿಯೇ ಉಳಿಯುತ್ತದೆ.

ಇದರ ಉಲ್ಟಾ ಕೂಡ ಇದೆ. ಸಾಮಾನ್ಯವಾಗಿ ಡಿಸ್ಕ್ ಜಾಗವನ್ನು 4 ಕೆಬಿ ತುಂಡುಗಳಲ್ಲಿ ಕೊಡುತ್ತದೆ. 100 ಬೈಟಿನ 1 ಲಕ್ಷ ಫೈಲುಗಳಿದ್ದರೆ ಉದ್ದ ಕೂಡಿದಾಗ 10 ಎಂಬಿಯೂ ಇಲ್ಲ, ಡಿಸ್ಕಿನಲ್ಲಿ ಹೋದದ್ದು ಸುಮಾರು 390 ಎಂಬಿ. ದೊಡ್ಡ ಫೈಲ್ ಹುಡುಕುವವರಿಗೆ ಇದು ಎಂದಿಗೂ ಕಾಣುವುದಿಲ್ಲ. ಫೋಲ್ಡರಿನಿಂದ ಶುರುಮಾಡಿ ಎಂದು ನಾವು ಹೇಳುವುದು ಇದಕ್ಕೇ.

ಡಿಎಫ್ ಪ್ರಕಾರ 95 ಜಿಬಿ ಬಳಕೆಯಾಗಿದೆ. ಡಿಯು ಎಲ್ಲ ಕೂಡಿ 50 ಜಿಬಿ ಅನ್ನುತ್ತದೆ. ಉಳಿದ 45 ಎಲ್ಲಿ?

ಇದಕ್ಕೆ ನಿಂತು ಉತ್ತರ ಹೇಳಬೇಕು. ಡಿಎಫ್ ಫೈಲ್‌ಸಿಸ್ಟಮ್‌ನ ಖಾತೆ ಪುಸ್ತಕ ನೋಡಿ ಹೇಳುತ್ತದೆ. ಡಿಯು ಮನೆ ಮನೆಗೆ ಹೋಗಿ ತಲೆ ಎಣಿಸುತ್ತದೆ. ಹೆಸರಿಲ್ಲದ ಫೈಲ್ ಡಿಯು ಕಣ್ಣಿಗೆ ಬೀಳುವುದಿಲ್ಲ.

ಹೆಚ್ಚು ಸಲ ಸಿಗುವ ಕಾರಣ, ಅಳಿಸಿದರೂ ಇನ್ನೂ ತೆರೆದೇ ಇರುವ ಫೈಲ್. ಒಂದು ಸರ್ವಿಸ್ ಲಾಗ್ (ನಡೆದದ್ದರ ದಾಖಲೆ) ಬರೆಯುತ್ತಿರುವಾಗ ಯಾರೋ ಆ ಲಾಗನ್ನು ಆರ್‌ಎಂ ಮಾಡಿರುತ್ತಾರೆ, ಅಂದರೆ ಅಳಿಸಿರುತ್ತಾರೆ. ಹೆಸರು ಹೋಯಿತು, ಆದರೆ ಪ್ರೋಗ್ರಾಮ್ ಅದನ್ನು ಕೈಯಲ್ಲಿ ಹಿಡಿದಿರುವ ತನಕ ಜಾಗ ಬಿಡುಗಡೆಯಾಗುವುದಿಲ್ಲ. ಮೇಲಾಗಿ ಅದು ಬರೆಯುತ್ತಲೇ ಇರುತ್ತದೆ. ಹುಡುಕುವುದು ಹೀಗೆ:

ಸುಡೊ ಎಲ್‌ಎಸ್‌ಒಎಫ್ +ಎಲ್1

ಪ್ಲಸ್ ಮುಂದಿನ ಎಲ್ ದೊಡ್ಡಕ್ಷರ, ಆಮೇಲಿನದು ಒಂದು ಎಂಬ ಅಂಕಿ. ಬಂದ ಪಟ್ಟಿಯಲ್ಲಿ ಗಾತ್ರ, ಪ್ರೋಗ್ರಾಮಿನ ಗುರುತಿನ ಸಂಖ್ಯೆ (ಪಿಐಡಿ), ಅದು ತೆರೆದ ಫೈಲಿನ ಸಂಖ್ಯೆ (ಎಫ್‌ಡಿ) ಇರುತ್ತವೆ. ಸರ್ವಿಸನ್ನು ರೀಸ್ಟಾರ್ಟ್ ಮಾಡುವುದು ಶುದ್ಧ ದಾರಿ. ರೀಸ್ಟಾರ್ಟ್ ಮಾಡುವಂತಿಲ್ಲವಾದರೆ, ಪಿಐಡಿ 1234, ಎಫ್‌ಡಿ 3 ಎಂದಿಟ್ಟುಕೊಂಡು:

ಸುಡೊ ಟ್ರಂಕೇಟ್ -ಎಸ್ 0 /ಪ್ರಾಕ್/1234/ಎಫ್‌ಡಿ/3

ಜಾಗ ಆ ಕ್ಷಣವೇ ಬಿಡುಗಡೆ. ಇದನ್ನು ಲಾಗ್ ಫೈಲಿಗಷ್ಟೇ ಮಾಡಿ. ಡೇಟಾಬೇಸ್ ತೆರೆದಿಟ್ಟ ತಾತ್ಕಾಲಿಕ ಫೈಲಿಗೆ ಮಾಡಿದರೆ ಡೇಟಾಬೇಸೇ ಮಗುಚಬಹುದು.

ಎರಡನೆಯ ಕಾರಣ ಕಂಡುಹಿಡಿಯುವುದು ಕಷ್ಟ: ಮೌಂಟ್ ಕೆಳಗೆ ಸಿಕ್ಕಿಬಿದ್ದ ಫೈಲುಗಳು. ಮೌಂಟ್ ಅಂದರೆ ಒಂದು ಡಿಸ್ಕನ್ನು ಒಂದು ಫೋಲ್ಡರಿಗೆ ಜೋಡಿಸುವುದು. ಬ್ಯಾಕಪ್ ಸ್ಕ್ರಿಪ್ಟ್ ರಾತ್ರಿ ಓಡುವಾಗ ಹೊರಗಿನ ಡಿಸ್ಕ್ ಮೌಂಟ್ ಆಗಿರಲಿಲ್ಲ. ಸ್ಕ್ರಿಪ್ಟ್ ಏನೂ ಗೊತ್ತಿಲ್ಲದೆ 45 ಜಿಬಿಯನ್ನು ಮೂಲ ಡಿಸ್ಕಿನ /ಬ್ಯಾಕಪ್ ಫೋಲ್ಡರಿಗೇ ಬರೆಯಿತು. ಬೆಳಗ್ಗೆ ಹೊರಗಿನ ಡಿಸ್ಕ್ ಅದರ ಮೇಲೆಯೇ ಬಂದು ಕೂತಿತು. ಈಗ ಕೆಳಗಿನದು ಯಾರಿಗೂ ಕಾಣದು. ಇಣುಕಿ ನೋಡಲು:

ಸುಡೊ ಮೌಂಟ್ --ಬೈಂಡ್ / /ಎಂಎನ್‌ಟಿ
ಸುಡೊ ಡಿಯು -ಎಕ್ಸ್‌ಎಚ್ -ಡಿ 1 /ಎಂಎನ್‌ಟಿ | ಸಾರ್ಟ್ -ಎಚ್

ಕೆಲಸ ಮುಗಿದ ಮೇಲೆ "ಸುಡೊ ಯುಮೌಂಟ್ /ಎಂಎನ್‌ಟಿ". ಇಲ್ಲಿ ಯು ಆದ ಕೂಡಲೇ ಎಂ. ನಡುವೆ ಎನ್ ಇಲ್ಲ.

ಬಿಟಿಆರ್‌ಎಫ್‌ಎಸ್ ಅಥವಾ ಜಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ ಇದ್ದರೆ ಮೂರನೆಯ ಕಾರಣ ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕ್ ಒಂದು ಕ್ಷಣದಲ್ಲಿ ಇದ್ದ ಸ್ಥಿತಿಯ ಪ್ರತಿ. ಇವತ್ತು ಅಳಿಸಿದ ಫೈಲ್ ನಿನ್ನೆಯ ಸ್ನ್ಯಾಪ್‌ಶಾಟಿನಲ್ಲಿ ಜೀವಂತವಾಗಿರುತ್ತದೆ. ಆ ಸ್ನ್ಯಾಪ್‌ಶಾಟ್ ಹೋಗುವ ತನಕ ಎಷ್ಟು ಅಳಿಸಿದರೂ ಡಿಎಫ್ ಕದಲುವುದಿಲ್ಲ.

ಗಾತ್ರದಿಂದ ಬಳಕೆ ಕಳೆದರೆ 50 ಜಿಬಿ ಮಿಕ್ಕಬೇಕು, ಆದರೂ ಉಳಿದದ್ದು ಸೊನ್ನೆ ಅಂತ ತೋರಿಸುತ್ತದೆ.

ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ 5% ಜಾಗವನ್ನು ರೂಟ್‌ಗೆಂದು ಮೀಸಲಿಡುತ್ತದೆ. 1 ಟಿಬಿ ಡಿಸ್ಕಿನಲ್ಲಿ ಅದು 50 ಜಿಬಿ. ಡಿಸ್ಕ್ ತುಂಬಿದಾಗಲೂ ರೂಟ್ ಒಳಬಂದು ಶುಚಿ ಮಾಡಲಿ ಎಂಬ ಏರ್ಪಾಡು. ಫೋಟೋ, ವಿಡಿಯೊ ಮಾತ್ರ ಇಡುವ ಡಿಸ್ಕಿಗೆ ಅಷ್ಟು ಬೇಡ: "ಸುಡೊ ಟ್ಯೂನ್2ಎಫ್‌ಎಸ್ -ಎಂ 1 /ಡೆವ್/ಎಸ್‌ಡಿಬಿ1" ಕೊಟ್ಟರೆ 1%ಗೆ ಇಳಿಯುತ್ತದೆ. ಡಿಸ್ಕಿನ ಹೆಸರು ನಿಮ್ಮದು ಹಾಕಿ. ಸಿಸ್ಟಮ್ ಇರುವ ಪಾರ್ಟಿಷನ್‌ನಲ್ಲಿ ಇದನ್ನು ಮುಟ್ಟದಿರುವುದೇ ವಾಸಿ.

ಜಾಗ ಬೇಕಾದಷ್ಟಿದೆ, ಆದರೂ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಅನ್ನುತ್ತಿದೆ!

ಡಿಎಫ್ -ಐ

ಐನೋಡ್ (ಫೈಲಿನ ವಿವರ ಬರೆದಿಡುವ ಚೀಟಿ) ಮುಗಿದಿರುತ್ತದೆ. ಪ್ರತಿ ಫೈಲಿಗೂ ಒಂದು ಐನೋಡ್ ಬೇಕು, ಅದು 0 ಬೈಟಿನದಾದರೂ ಸರಿ. ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡುವಾಗಲೇ, ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ, ಇವುಗಳ ಸಂಖ್ಯೆ ನಿಗದಿಯಾಗುತ್ತದೆ. 100 ಜಿಬಿ ಪಾರ್ಟಿಷನ್‌ಗೆ ಸುಮಾರು 65 ಲಕ್ಷ. ಆಮೇಲೆ ಹೆಚ್ಚಿಸಲು ಪಾರ್ಟಿಷನ್ನನ್ನೇ ದೊಡ್ಡದು ಮಾಡಬೇಕು.

ಇಲ್ಲಿ ದೊಡ್ಡ ಫೈಲ್ ಹುಡುಕಿ ಏನೂ ಫಲವಿಲ್ಲ. ಬೇಕಾದದ್ದು ಅತಿ ಹೆಚ್ಚು ಫೈಲುಗಳಿರುವ ಫೋಲ್ಡರ್:

ಸುಡೊ ಡಿಯು --ಐನೋಡ್ಸ್ -ಎಕ್ಸ್ -ಡಿ 1 / | ಸಾರ್ಟ್ -ಎನ್

ಸಾಮಾನ್ಯವಾಗಿ ಸಿಗುವುದು ಪಿಎಚ್‌ಪಿ ಸೆಷನ್ ಫೋಲ್ಡರ್, ಹೋಗದೆ ಉಳಿದ ಮೇಲ್‌ಗಳ ಸಾಲು, ವೆಬ್‌ಸೈಟಿನ ಕ್ಯಾಶ್. ಅಳಿಸಲು "ಆರ್‌ಎಂ *" ಕೊಟ್ಟರೆ "ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್" ಎಂದು ನಿಲ್ಲುತ್ತದೆ. ಲಕ್ಷಗಟ್ಟಲೆ ಹೆಸರುಗಳನ್ನು ಒಂದೇ ಸಾಲಿಗೆ ತುರುಕಲಾಗದು. ಆ ಫೋಲ್ಡರಿನೊಳಗೆ ನಿಂತು:

ಫೈಂಡ್ . -ಟೈಪ್ ಎಫ್ -ಎಂಟೈಮ್ +7 -ಡಿಲೀಟ್

ಬದಲಾಗದೆ 8 ದಿನ ತುಂಬಿದವು ಹೋಗುತ್ತವೆ (ಫೈಂಡ್ ಪೂರ್ತಿ ದಿನಗಳನ್ನಷ್ಟೇ ಎಣಿಸುತ್ತದೆ). ಡಿಲೀಟ್ ಕಟ್ಟಕಡೆಗೇ ಇರಬೇಕು. ಫೈಂಡ್ ಎಡದಿಂದ ಬಲಕ್ಕೆ ಓದುತ್ತದೆ. ಡಿಲೀಟ್ ಮೊದಲು ಬಂದರೆ ಉಳಿದ ಷರತ್ತು ನೋಡುವ ಮೊದಲೇ ಎಲ್ಲವನ್ನೂ ಗುಡಿಸಿ ಹಾಕಿರುತ್ತದೆ. ಒಮ್ಮೆ ಡಿಲೀಟ್ ಇಲ್ಲದೆ ಓಡಿಸಿ, ಪಟ್ಟಿ ನೋಡಿ, ಆಮೇಲೆ ಸೇರಿಸಿ.

30 ಜಿಬಿಯ ಲಾಗ್ ಸಿಕ್ಕಿತು. ಆರ್‌ಎಂ ಮಾಡಲೇ?

ಬೇಡ, ಹೆಸರಿಲ್ಲದ ಫೈಲಿನ ಕಥೆ ಮೇಲೆ ಓದಿದಿರಲ್ಲ. "ಸುಡೊ ಟ್ರಂಕೇಟ್ -ಎಸ್ 0" ಕೊಟ್ಟು ಮುಂದೆ ಫೈಲಿನ ಹೆಸರು ಬರೆಯಿರಿ. ಮೊದಲು "ಟೇಲ್ -ಎನ್ 200" ಕೊಟ್ಟು ಕೊನೆಯ ಸಾಲುಗಳನ್ನು ಓದಿಕೊಳ್ಳಿ. 30 ಜಿಬಿ ಆಗುವಷ್ಟು ಏನನ್ನು ಬರೆಯುತ್ತಿತ್ತು ಎಂಬುದು ಅಲ್ಲೇ ಇರುತ್ತದೆ, ಮತ್ತು ಅದನ್ನು ಸರಿಮಾಡದಿದ್ದರೆ ನಾಲ್ಕು ದಿನಕ್ಕೆ ಮತ್ತೆ ತುಂಬುತ್ತದೆ.

ಖಾಲಿ ಮಾಡಿದ ಮೇಲೂ ಎಲ್‌ಎಸ್ 30 ಜಿಬಿ ಎಂದೇ ತೋರಿಸುವುದುಂಟು. ಪ್ರೋಗ್ರಾಮ್ ತಾನು ಬಿಟ್ಟ ಜಾಗದಿಂದಲೇ ಬರೆಯುತ್ತಾ ಹೋದರೆ ಹಿಂದಿನ 30 ಜಿಬಿ ತೂತಾಗುತ್ತದೆ. ಡಿಯು ಕೊಟ್ಟು ನೋಡಿ, ಕೆಲವೇ ಕೆಬಿ ಇರುತ್ತದೆ.

ಹುಡುಕುವ ಮೊದಲೇ ಕೈಹಾಕಿ ನೋಡಬಹುದಾದ ಜಾಗಗಳಿವೆಯೇ?

ಇವೆ. ಸಿಸ್ಟಮ್‌ಡಿಯ ಜರ್ನಲ್ (ಸಿಸ್ಟಮ್ ಬರೆದಿಡುವ ಲಾಗ್): "ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್" ಗಾತ್ರ ಹೇಳುತ್ತದೆ, "ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=500ಎಂ" ಅದನ್ನು 500 ಎಂಬಿ ಆಸುಪಾಸಿಗೆ ಇಳಿಸುತ್ತದೆ (ಎಂ ದೊಡ್ಡಕ್ಷರ). ಮಿತಿ ಹಾಕದಿದ್ದರೆ ಜರ್ನಲ್ ಪಾರ್ಟಿಷನ್‌ನ 10% ತನಕ, ಗರಿಷ್ಠ 4 ಜಿಬಿ ಬೆಳೆಯುತ್ತದೆ. "ಸುಡೊ ಎಪಿಟಿ ಕ್ಲೀನ್" ಡೌನ್‌ಲೋಡ್ ಆಗಿ ಕೂತ ಪ್ಯಾಕೇಜುಗಳನ್ನು ತೆಗೆಯುತ್ತದೆ.

ಡಾಕರ್ ಇದ್ದರೆ "ಡಾಕರ್ ಸಿಸ್ಟಮ್ ಡಿಎಫ್" ಕೊಡಿ. /ವಾರ್/ಲಿಬ್/ಡಾಕರ್ ಒಳಗಿನ ಓವರ್‌ಲೇ2 ದೊಡ್ಡದಾಗಿ ಕಂಡಿತೆಂದು ಅಲ್ಲಿಗೆ ಹೋಗಿ ಕೈಯಾರೆ ಅಳಿಸಿದರೆ ಡಾಕರ್ ಕೆಡುತ್ತದೆ. "ಡಾಕರ್ ಸಿಸ್ಟಮ್ ಪ್ರೂನ್" ಬಳಸಿ. ಅದು ನಿಂತ ಕಂಟೇನರುಗಳನ್ನೂ ತೆಗೆಯುತ್ತದೆ, ಆದ್ದರಿಂದ ಕೇಳುವ ಪ್ರಶ್ನೆ ಓದಿ ಹೂಂ ಅನ್ನಿ. --ವಾಲ್ಯೂಮ್ಸ್ ಸೇರಿಸಿದರೆ ಡೇಟಾಕ್ಕೂ ಕುತ್ತು ಬರಬಹುದು. ಕಂಟೇನರುಗಳ ಲಾಗ್ ಇನ್ನೊಂದು ಬಕಾಸುರ. ಡಾಕರ್ ತಾನಾಗಿ ಅದಕ್ಕೆ ಮಿತಿ ಹಾಕುವುದಿಲ್ಲ. ಡೀಮನ್ ಡಾಟ್ ಜೇಸನ್ ಫೈಲಿನಲ್ಲಿ ಮ್ಯಾಕ್ಸ್-ಸೈಜ್ ಹಾಕಬೇಕು, ಹಾಕಿದರೂ ಆಮೇಲೆ ಹುಟ್ಟುವ ಕಂಟೇನರುಗಳಿಗೆ ಮಾತ್ರ ಅದು ಲಾಗು.

ದೊಡ್ಡ ಫೈಲ್ ಡೇಟಾಬೇಸಿನದು. ಅಳಿಸಬಹುದೇ?

ಕೈಯಾರೆ ಎಂದಿಗೂ ಬೇಡ. ಪೋಸ್ಟ್‌ಗ್ರೆಸ್‌ನ ಪಿಜಿ_ವಾಲ್ ಫೋಲ್ಡರ್ ಹೆಸರು ನೋಡಿ ಲಾಗ್ ಎಂದುಕೊಂಡು ಅಳಿಸಿದರೆ ಡೇಟಾಬೇಸ್ ಏಳುವುದಿಲ್ಲ. ಅದು ಬೆಳೆದಿದ್ದರೆ ನಿಂತುಹೋದ ರೆಪ್ಲಿಕೇಷನ್ ಸ್ಲಾಟ್ ಅಥವಾ ಸೋಲುತ್ತಿರುವ ಆರ್ಕೈವ್ ಆಜ್ಞೆ ಇದೆಯೇ ನೋಡಿ. ಮೈಎಸ್‌ಕ್ಯೂಎಲ್ ಬಿನ್‌ಲಾಗ್ ಆದರೆ ಡೇಟಾಬೇಸಿನ ಒಳಗಿನಿಂದಲೇ "ಪರ್ಜ್ ಬೈನರಿ ಲಾಗ್ಸ್" ಕೊಡಬೇಕು.

ಪ್ರತಿ ಸಲ ಇಷ್ಟು ಟೈಪ್ ಮಾಡಬೇಕೆ?

ಡಿಯು ಲೆಕ್ಕವನ್ನು ಪರದೆಯ ಮೇಲೆ ಪಟ್ಟಿಯಾಗಿ ತೋರಿಸುವ ಎನ್‌ಸಿಡಿಯು ಹಾಕಿಕೊಳ್ಳಿ: "ಸುಡೊ ಎಪಿಟಿ ಇನ್‌ಸ್ಟಾಲ್ ಎನ್‌ಸಿಡಿಯು", ಆಮೇಲೆ "ಸುಡೊ ಎನ್‌ಸಿಡಿಯು -ಎಕ್ಸ್ /". ಬಾಣದ ಕೀಲಿಗಳಿಂದ ಇಳಿಯಬಹುದು, ಹತ್ತಬಹುದು. ಡಿ ಒತ್ತಿದರೆ ಅಳಿಸುತ್ತದೆ, ಅದಕ್ಕೆ ಕಸದ ಬುಟ್ಟಿ ಇಲ್ಲ. ನೋಡಲಷ್ಟೇ ಬಂದಿದ್ದರೆ -ಆರ್ ಸೇರಿಸಿ, ಆಗ ಡಿ ಕೆಲಸ ಮಾಡುವುದಿಲ್ಲ. ನಮ್ಮನ್ನು ಕೇಳಿದರೆ, ಬೇರೆಯವರ ಸರ್ವರ್‌ನಲ್ಲಿ ಆರ್ ಇಲ್ಲದೆ ಓಡಿಸಲೇಬೇಡಿ. ಡಿಸ್ಕ್ ಈಗಾಗಲೇ 100% ತುಂಬಿದ್ದರೆ ಇನ್‌ಸ್ಟಾಲ್‌ಗೂ ಜಾಗವಿರುವುದಿಲ್ಲ. ಅದಕ್ಕೇ ಡಿಯು, ಫೈಂಡ್ ಬಾಯಿಗೆ ಬರುವಂತಿರಬೇಕು. 1971ರ ಮೊದಲ ಯುನಿಕ್ಸ್‌ನಿಂದಲೂ ಡಿಯು ಮತ್ತು ಡಿಎಫ್ ಜೊತೆಗಿವೆ, ಎಲ್ಲ ಯಂತ್ರದಲ್ಲೂ ಸಿಗುತ್ತವೆ.

ಕನ್ನಡ ಹೆಸರಿನ ಫೈಲುಗಳು ಪಟ್ಟಿಯಲ್ಲಿ \340\262 ಅಂತಲೋ ಪ್ರಶ್ನಾರ್ಥಕ ಚಿಹ್ನೆಗಳಾಗಿಯೋ ಬರುತ್ತಿವೆ.

ಫೈಲ್ ಕೆಟ್ಟಿಲ್ಲ, ಲೊಕೇಲ್ (ಭಾಷೆ, ಲಿಪಿಯ ಹೊಂದಿಕೆ) ಸರಿಯಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಮೊದಲ ಬೈಟ್ ಆಕ್ಟಲ್‌ನಲ್ಲಿ 340, ಎರಡನೆಯದು 262 ಅಥವಾ 263. ಆ ಬೈಟ್‌ಗಳೇ ಹಸಿಹಸಿಯಾಗಿ ಕಾಣುತ್ತಿವೆ. "ಎಕ್ಸ್‌ಪೋರ್ಟ್ ಎಲ್‌ಸಿ_ಆಲ್=ಸಿ.ಯುಟಿಎಫ್-8" ಕೊಡಿ (ಎಲ್‌ಸಿ, ಆಲ್, ಸಿ, ಯುಟಿಎಫ್ ಎಲ್ಲ ದೊಡ್ಡಕ್ಷರ). ಒತ್ತಕ್ಷರಗಳು ಬಿಡಿಬಿಡಿಯಾಗಿ, ಒಂದರ ಮೇಲೊಂದು ಕೂತು ಕಂಡರೆ ಅದು ಟರ್ಮಿನಲ್‌ನ ಬಡತನ, ಹೆಸರಿಗೇನೂ ಆಗಿಲ್ಲ.

3 ಬೈಟಿನ ಲೆಕ್ಕ ಇನ್ನೊಂದು ಕಡೆಯೂ ಕಾಡುತ್ತದೆ. ಇಎಕ್ಸ್‌ಟಿ4ನಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡದಲ್ಲಿ 85 ಚಿಹ್ನೆ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ "ಸ್ತ್ರೀ"ಯಲ್ಲಿ ಸ, ಅರ್ಧಚಿಹ್ನೆ, ತ, ಅರ್ಧಚಿಹ್ನೆ, ರ, ದೀರ್ಘ ಸೇರಿ 6 ಚಿಹ್ನೆ, 18 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಬೈಟ್ ಬದಲು 255 ಚಿಹ್ನೆ ಎಣಿಸುತ್ತದೆ. ಅಲ್ಲಿಂದ ಉದ್ದುದ್ದ ಶೀರ್ಷಿಕೆಯ ಲೇಖನಗಳನ್ನು ನಕಲು ಮಾಡುವಾಗ "ಫೈಲ್ ನೇಮ್ ಟೂ ಲಾಂಗ್" ಬರುವುದು ಇದಕ್ಕೇ.

ಹೆಸರು ಕಣ್ಣೆದುರಿಗಿದ್ದರೂ ಟೈಪ್ ಮಾಡಿದಾಗ "ಅಂಥ ಫೈಲ್ ಇಲ್ಲ" ಎಂದರೆ ದೀರ್ಘಗಳನ್ನು ಸಂಶಯಿಸಿ. "ಕೋ"ದ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ನೋಡಲು ಒಂದೇ, ಬೈಟ್ ಬೇರೆ. "ಎಲ್‌ಎಸ್ -ಐ" ಕೊಟ್ಟು ಐನೋಡ್ ಸಂಖ್ಯೆ ಹಿಡಿದು "ಫೈಂಡ್ . -ಐನಮ್" ಮುಂದೆ ಆ ಸಂಖ್ಯೆ ಬರೆದರೆ ತಪ್ಪದೆ ಸಿಗುತ್ತದೆ. ಹೆಸರಿನಲ್ಲಿ ಸ್ಪೇಸ್ ಇರುವ ಪಟ್ಟಿಯನ್ನು ಎಕ್ಸ್‌ಆರ್ಗ್ಸ್‌ಗೆ (ಪಟ್ಟಿಯನ್ನು ಇನ್ನೊಂದು ಆಜ್ಞೆಯ ಕೈಗೆ ಕೊಡುವ ಆಜ್ಞೆ) ದಾಟಿಸುವಾಗ ಫೈಂಡ್‌ಗೆ -ಪ್ರಿಂಟ್0, ಎಕ್ಸ್‌ಆರ್ಗ್ಸ್‌ಗೆ -0 ಹಾಕಲೇಬೇಕು. ಇಲ್ಲವಾದರೆ "ಮದುವೆ ವಿಡಿಯೊ" ಎಂಬುದು ಎರಡು ಫೈಲಾಗಿ ಒಡೆಯುತ್ತದೆ.

ಡಿಯು ಅರ್ಧ ಗಂಟೆಯಾದರೂ ಮುಗಿಯುತ್ತಿಲ್ಲ.

ಡಿಯು ಫೈಲಿನ ಒಳಗನ್ನು ಓದುವುದಿಲ್ಲ, ಆದರೆ ಪ್ರತಿ ಫೈಲಿನ ಐನೋಡನ್ನು ಮುಟ್ಟಲೇಬೇಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಲಕ್ಷಾಂತರ ಫೈಲಿದ್ದರೆ ನಿಧಾನವೇ. ಎರಡನೆಯ ಸಲ ಬೇಗ ಮುಗಿಯುತ್ತದೆ, ಮಾಹಿತಿ ಮೆಮೊರಿಯಲ್ಲಿ ಉಳಿದಿರುತ್ತದೆ. ಕೆಲಸದ ಹೊತ್ತಿನ ಸರ್ವರ್ ಆದರೆ ಆಜ್ಞೆಯ ಮುಂದೆ "ಐಯೊನೈಸ್ -ಸಿ 3" ಸೇರಿಸಿ, ಡಿಸ್ಕ್ ಬಿಡುವಾಗಿದ್ದಾಗ ಮಾತ್ರ ಅದನ್ನು ಬಳಸುತ್ತದೆ.

ಮ್ಯಾಕ್‌ನಲ್ಲಿ ಫೈಂಡ್ ಆಜ್ಞೆ ತಪ್ಪು ಅನ್ನುತ್ತದೆ.

ಮ್ಯಾಕ್‌ನ ಫೈಂಡ್ ಬಿಎಸ್‌ಡಿ ವಂಶದ್ದು, ಅದಕ್ಕೆ -ಪ್ರಿಂಟ್‌ಎಫ್ ಗೊತ್ತಿಲ್ಲ. ಹೀಗೆ ಕೊಡಿ:

ಫೈಂಡ್ ~ -ಟೈಪ್ ಎಫ್ -ಸೈಜ್ +1ಜಿ -ಎಕ್ಸೆಕ್ ಎಲ್‌ಎಸ್ -ಎಲ್‌ಎಚ್ {} +

ಸುಡೊ ಕೊಟ್ಟರೂ "ಆಪರೇಷನ್ ನಾಟ್ ಪರ್ಮಿಟೆಡ್" ಬಂದರೆ ಸೆಟ್ಟಿಂಗ್ಸ್‌ನಲ್ಲಿ ಟರ್ಮಿನಲ್‌ಗೆ ಫುಲ್ ಡಿಸ್ಕ್ ಆಕ್ಸೆಸ್ ಕೊಡಬೇಕು. ಅಳಿಸಿದರೂ ಜಾಗ ಬರದಿದ್ದರೆ "ಟಿಎಂಯುಟಿಲ್ ಲಿಸ್ಟ್‌ಲೋಕಲ್‌ಸ್ನ್ಯಾಪ್‌ಶಾಟ್ಸ್ /" ಕೊಟ್ಟು ಟೈಮ್ ಮೆಷೀನ್ ಏನನ್ನು ಹಿಡಿದಿಟ್ಟಿದೆ ನೋಡಿ. ಮ್ಯಾಕ್‌ನ ಫೈಲ್‌ಸಿಸ್ಟಮ್ ಆದ ಎಪಿಎಫ್‌ಎಸ್‌ನಲ್ಲಿ ಫೈಂಡರ್ ಮಾಡಿದ ನಕಲು ಜಾಗ ತಿನ್ನುವುದಿಲ್ಲ, ಡಿಯು ಮಾತ್ರ ಎರಡು ಸಲ ಎಣಿಸುತ್ತದೆ. ಅಂಥ ನಕಲು ಅಳಿಸಿ 20 ಜಿಬಿ ಸಿಗುತ್ತದೆ ಎಂದು ಕಾದರೆ ಏನೂ ಸಿಗದು.

ವಿಂಡೋಸ್‌ನಲ್ಲಿ?

ಪವರ್‌ಶೆಲ್ಲನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು (ಇಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದವಿಲ್ಲ):

ಗೆಟ್-ಚೈಲ್ಡ್‌ಐಟಂ ಸಿ:\ -ರಿಕರ್ಸ್ -ಫೈಲ್ -ಫೋರ್ಸ್ -ಎರರ್‌ಆ್ಯಕ್ಷನ್ ಸೈಲೆಂಟ್ಲಿಕಂಟಿನ್ಯೂ | ಸಾರ್ಟ್-ಆಬ್ಜೆಕ್ಟ್ ಲೆಂಗ್ತ್ -ಡಿಸೆಂಡಿಂಗ್ | ಸೆಲೆಕ್ಟ್-ಆಬ್ಜೆಕ್ಟ್ -ಫಸ್ಟ್ 20 ಲೆಂಗ್ತ್, ಫುಲ್‌ನೇಮ್

ಫೋರ್ಸ್ ಇಲ್ಲದಿದ್ದರೆ ಅಡಗಿದ ಫೈಲುಗಳು ಬರುವುದಿಲ್ಲ. ಪಟ್ಟಿಯ ತಲೆಯಲ್ಲಿ ಹೈಬರ್‌ಫಿಲ್ ಡಾಟ್ ಸಿಸ್, ಪೇಜ್‌ಫೈಲ್ ಡಾಟ್ ಸಿಸ್ ಇರುವುದು ಸಹಜ. ಮೊದಲನೆಯದು ಬೇಡವಾದರೆ "ಪವರ್‌ಸಿಎಫ್‌ಜಿ /ಎಚ್ ಆಫ್". ಹೈಬರ್ನೇಟ್ ಜೊತೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರನ್ನು ಮುಟ್ಟಬೇಡಿ. ಅದರೊಳಗಿನ ಬಹಳಷ್ಟು ಹಾರ್ಡ್ ಲಿಂಕ್‌ಗಳಾದ್ದರಿಂದ ಗಾತ್ರ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕಡಿಮೆ ಮಾಡಲೇಬೇಕಿದ್ದರೆ "ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್".

ಇಎಕ್ಸ್‌ಟಿ4 ಡಾಟ್ ವಿಎಚ್‌ಡಿಎಕ್ಸ್ ಎಂಬ ಹತ್ತಾರು ಜಿಬಿಯ ಫೈಲ್ ಸಿಕ್ಕರೆ ಅದು ಡಬ್ಲ್ಯುಎಸ್‌ಎಲ್‌ನ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಲಿನಕ್ಸ್ ಡಿಸ್ಕ್. ಸಾಮಾನ್ಯವಾಗಿ ಅದು ಉಬ್ಬುತ್ತದೆ, ಒಳಗೆ ಅಳಿಸಿದರೂ ತಾನಾಗಿ ಕುಗ್ಗುವುದಿಲ್ಲ. "ಡಬ್ಲ್ಯುಎಸ್‌ಎಲ್ --ಶಟ್‌ಡೌನ್" ಮಾಡಿ, ಡಿಸ್ಕ್‌ಪಾರ್ಟ್‌ನಲ್ಲಿ ಆ ಫೈಲನ್ನು ಸೆಲೆಕ್ಟ್ ವಿಡಿಸ್ಕ್ ಮಾಡಿ, "ಅಟ್ಯಾಚ್ ವಿಡಿಸ್ಕ್ ರೀಡ್‌ಓನ್ಲಿ", "ಕಾಂಪ್ಯಾಕ್ಟ್ ವಿಡಿಸ್ಕ್", "ಡಿಟ್ಯಾಚ್ ವಿಡಿಸ್ಕ್" ಕ್ರಮವಾಗಿ ಕೊಡಿ.

500 ಜಿಬಿ ಡಿಸ್ಕ್ ಕೊಂಡೆ, 465 ಅಂತ ತೋರಿಸುತ್ತದೆ.

ತಯಾರಕರ ಜಿಬಿ 1000ದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಏನೂ ಕಳೆದಿಲ್ಲ.

ಫೋನಿನಲ್ಲೇ ಇದನ್ನೆಲ್ಲ ಮಾಡಬಹುದೇ?

ಟರ್ಮಕ್ಸ್ (ಆಂಡ್ರಾಯ್ಡ್‌ಗಿರುವ ಟರ್ಮಿನಲ್ ಆ್ಯಪ್) ಇದ್ದರೆ ಆಗುತ್ತದೆ. ಒಮ್ಮೆ "ಟರ್ಮಕ್ಸ್-ಸೆಟಪ್-ಸ್ಟೋರೇಜ್" ಕೊಟ್ಟು ಅನುಮತಿ ಒಪ್ಪಿ. ಆಮೇಲೆ "ಡಿಯು -ಎಚ್ -ಡಿ 2 ~/ಸ್ಟೋರೇಜ್/ಶೇರ್ಡ್/ | ಸಾರ್ಟ್ -ಎಚ್". ಕೊನೆಯ ಓರೆಗೆರೆ ಬಿಡಬೇಡಿ: ಶೇರ್ಡ್ ಎಂಬುದು ಬರೀ ಲಿಂಕ್, ಓರೆಗೆರೆ ಇಲ್ಲದಿದ್ದರೆ ಡಿಯು ಆ ಲಿಂಕನ್ನೇ ಎಣಿಸಿ ಸುಮ್ಮನಾಗುತ್ತದೆ. ಆಂಡ್ರಾಯ್ಡ್ 11ರಿಂದ ಈಚೆಗೆ ವಾಟ್ಸ್ಆ್ಯಪ್ ಫೈಲುಗಳು ಆಂಡ್ರಾಯ್ಡ್/ಮೀಡಿಯಾ ಫೋಲ್ಡರಿನ ಒಳಗಿರುತ್ತವೆ. ಅಲ್ಲಿ ವಿಡಿಯೊ ಫೋಲ್ಡರಿನೊಳಗಿನ ಸೆಂಟ್ ನೋಡಿ. ನೀವು ಕಳಿಸಿದ ವಿಡಿಯೊಗಳ ಇನ್ನೊಂದು ಪ್ರತಿ ಅಲ್ಲಿ ಕೂತಿರುತ್ತದೆ, ಮೂಲ ಕ್ಯಾಮೆರಾ ಫೋಲ್ಡರಿನಲ್ಲಿ ಹಾಗೇ ಇರುತ್ತದೆ. ಆಂಡ್ರಾಯ್ಡ್/ಡೇಟಾ ಫೋಲ್ಡರನ್ನು ಮಾತ್ರ ರೂಟ್ ಮಾಡದ ಫೋನಿನಲ್ಲಿ ಟರ್ಮಕ್ಸ್ ಓದಲಾರದು, ಆದ್ದರಿಂದ ಮೊತ್ತ ಸೆಟ್ಟಿಂಗ್ಸ್ ತೋರಿಸುವುದಕ್ಕಿಂತ ಕಡಿಮೆಯೇ ಬರುತ್ತದೆ.